ಭಾನುವಾರದ ಸಾರಿಗೆ ಶನಿವಾರದ ಒಲೆ

ಓದುಗರ ಪ್ರಶ್ನೆ, ಅಡುಗೆಮನೆಯ ಉತ್ತರ

ಕಳೆದ ಸಂಚಿಕೆಯಲ್ಲಿ ಸೊಪ್ಪಿನ ಸಾರುಗಳ ಬಗ್ಗೆ ಬರೆದ ಮೇಲೆ, ಬಾಡಿನ ಸಾರಿನ ಸರದಿ ಯಾವಾಗ ಎಂದು ಕೇಳಿ ಹಲವರು ಬರೆದಿದ್ದಾರೆ. ಅವುಗಳಲ್ಲಿ ಆರು ಪತ್ರಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲನೆಯದಕ್ಕೆ ಕೊಟ್ಟ ಉತ್ತರ ಉದ್ದವಾಯಿತು; ಉಳಿದ ಪ್ರಶ್ನೆಗಳ ಅರ್ಧ ಉತ್ತರವೂ ಅದರೊಳಗೇ ಇದ್ದುದರಿಂದ ಮೊಟಕುಗೊಳಿಸಲಿಲ್ಲ.

ಪ್ರಶ್ನೆ: ಮಾನ್ಯರೇ, ನಾನೂ ನನ್ನ ಪತಿಯೂ ಉದ್ಯೋಗದಲ್ಲಿದ್ದೇವೆ. ತಿಂಗಳಿಗೊಂದು ಭಾನುವಾರ, ತಿಂಡಿಯನ್ನೂ ಮಧ್ಯಾಹ್ನದ ಊಟವನ್ನೂ ಸೇರಿಸಿ, ಹನ್ನೊಂದು ಗಂಟೆಯ ಸುಮಾರಿಗೆ ಬಂಧುಗಳೊಂದಿಗೆ ನಿಧಾನವಾಗಿ ಕುಳಿತು ಉಣ್ಣುವ ‘ಬ್ರಂಚ್’ ಇಟ್ಟುಕೊಳ್ಳಬೇಕೆಂಬುದು ನಮ್ಮ ಆಸೆ. ಹೋದ ತಿಂಗಳು ಎಂಟು ಮಂದಿ ದೊಡ್ಡವರು, ಮೂವರು ಮಕ್ಕಳು ಬಂದಿದ್ದರು. ಬೆಳಗ್ಗೆ ಏಳಕ್ಕೇ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತು ಮಟನ್ ತಂದು, ಮಸಾಲೆ ಹುರಿದು ರುಬ್ಬಿ, ಕುಕ್ಕರನ್ನು ಎಂಟು ಕೂಗು ಕೂಗಿಸಿದರೂ ಬಾಡು ರಬ್ಬರಿನಂತೆ ಉಳಿಯಿತು, ಸಾರು ನೀರುನೀರಾಯಿತು. ಊಟಕ್ಕೆ ಕೂತಾಗ ಒಂದೂವರೆ ಗಂಟೆ. ನಾನು ಕೂತಾಗ ಎರಡು. ಎಲ್ಲಿ ತಪ್ಪಿದೆ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ನಿಮ್ಮ ಮಸಾಲೆಯಲ್ಲಿ ತಪ್ಪಿದೆಯೆಂದು ನನಗೆ ಅನಿಸುವುದಿಲ್ಲ. ಭಾನುವಾರದ ಅಡುಗೆಯನ್ನು ಭಾನುವಾರವೇ ಶುರುಮಾಡಿದ್ದೇ ತಪ್ಪು. ಬ್ರಂಚ್ ಎಂಬ ಹೆಸರು ನಮಗೆ ಹೊಸದಿರಬಹುದು, ಆದರೆ ಬೆಳಗಿನ ಹೊತ್ತು ಬಾಡು ಉಣ್ಣುವುದು ಹೊಸದೇನಲ್ಲ. ನಿಮ್ಮ ಊರಿನ ಮಿಲಿಟರಿ ಹೋಟೆಲುಗಳಲ್ಲಿ ಇಡ್ಲಿಯ ಜೊತೆ ಕೈಮಾ, ದೋಸೆಯ ಜೊತೆ ಕಾಲು ಸೂಪು ಬೆಳಗಿನ ತಿಂಡಿಯೇ ಆಗಿವೆ. ಹೊಸಕೋಟೆಯಲ್ಲಂತೂ ಬೆಳಕು ಹರಿಯುವ ಮುಂಚೆಯೇ ಬಿರಿಯಾನಿಗೆ ಜನ ಸಾಲು ನಿಲ್ಲುತ್ತಾರೆ. ಅಲ್ಲಿ ನಿಮ್ಮ ತಟ್ಟೆಗೆ ಬೆಳಗ್ಗೆ ಬಂದ ಬಾಡು ಅಷ್ಟು ಹದವಾಗಿ ಬೆಂದಿರುವುದಕ್ಕೆ ಕಾರಣ, ಅವರ ಒಲೆ ನಾವೆಲ್ಲ ಮಲಗಿರುವಾಗಲೇ ಉರಿಯಲಾರಂಭಿಸಿರುವುದು. ಮನೆಯಲ್ಲಿ ನಡುರಾತ್ರಿ ಒಲೆ ಹಚ್ಚಬೇಕಾಗಿಲ್ಲ, ಶನಿವಾರ ಸಂಜೆ ಹಚ್ಚಿದರೆ ಸಾಕು.

ಮೊದಲು ಬಾಡು ಗಟ್ಟಿಯಾದ ಕಾರಣವನ್ನು ನೋಡೋಣ. ಪ್ರಾಣಿಯನ್ನು ಕೊಯ್ದ ಕೆಲವು ಗಂಟೆಗಳಲ್ಲಿ ಅದರ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ತಣ್ಣಗೆ ಇಟ್ಟರೆ ಸುಮಾರು ಒಂದು ದಿನದ ಹೊತ್ತಿಗೆ ಆ ಬಿಗಿ ಮತ್ತೆ ಸಡಿಲವಾಗುತ್ತಾ ಬರುತ್ತದೆ. ಭಾನುವಾರ ನಸುಕಿನಲ್ಲಿ ಕೊಯ್ದು, ಏಳಕ್ಕೆ ಮಾರಿ, ಒಂಬತ್ತಕ್ಕೆ ಕುಕ್ಕರಿಗೆ ಬಿದ್ದ ಮಾಂಸ ಸರಿಯಾಗಿ ಆ ಬಿಗಿಯ ನಡುವಿನಲ್ಲೇ ಬೇಯತೊಡಗುತ್ತದೆ. ‘ಬಿಸಿಬಿಸಿ ತಾಜಾ ಮಾಂಸವೇ ಶ್ರೇಷ್ಠ’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಮೀನಿನ ಮಟ್ಟಿಗೆ ಅದು ಸರಿ, ಕುರಿಯ ಮಟ್ಟಿಗೆ ಅಷ್ಟು ಸರಿಯಲ್ಲ. ಶನಿವಾರ ಬೆಳಗ್ಗೆಯೇ ತಂದು, ತೊಳೆದು, ನೀರು ಬಸಿದು, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಗಿನ ಹಲಗೆಯ ಮೇಲೆ ಸಂಜೆಯವರೆಗೆ ಇಡಿ. ಶುಕ್ರವಾರ ಸಂಜೆ ತಂದರೆ ಇನ್ನೂ ಒಳ್ಳೆಯದು, ಅಂಗಡಿಯ ಮುಂದೆ ಸಾಲೂ ಇರುವುದಿಲ್ಲ.

ಅಂಗಡಿಯಲ್ಲಿ ಕೇಳಬೇಕಾದದ್ದು ಬರೀ ತೊಡೆಯ ತುಂಡುಗಳನ್ನಲ್ಲ. ಮುಂಗಾಲಿನ ಮೇಲ್ಭಾಗ, ಎದೆ, ಪಕ್ಕೆ, ಸ್ವಲ್ಪ ಕತ್ತು, ಎರಡು ನಲ್ಲಿಮೂಳೆ ಸೇರಿಸಿ ಕೊಡಲು ಹೇಳಿ. ಹೆಚ್ಚು ಕೆಲಸ ಮಾಡುವ ಈ ಭಾಗಗಳಲ್ಲಿ ಸ್ನಾಯುಗಳನ್ನು ಕಟ್ಟಿಹಿಡಿಯುವ ಬಿಳಿಯ ನಾರು ಹೆಚ್ಚಿರುತ್ತದೆ. ನಿಧಾನವಾದ ಬಿಸಿಯಲ್ಲಿ ಬಹಳ ಹೊತ್ತು ಬೆಂದಾಗ ಆ ನಾರು ಕರಗಿ ಅಂಟಿನಂತಾಗಿ ಸಾರಿಗೆ ಇಳಿಯುತ್ತದೆ, ತುಟಿಗೆ ಹತ್ತುವ ಆ ಮೈಯನ್ನು ಸಾರಿಗೆ ಕೊಡುವುದು ಅದೇ. ನಿಮ್ಮ ಸಾರು ನೀರಾಗಲು ಅರ್ಧ ಕಾರಣ ಅದು ಕರಗುವಷ್ಟು ಸಮಯ ಸಿಗದಿದ್ದುದು. ಉಳಿದರ್ಧ, ಕುಕ್ಕರಿನಲ್ಲಿ ನೀರು ಆವಿಯಾಗಿ ಹೋಗುವುದು ಬಹಳ ಕಡಿಮೆಯೆಂಬುದನ್ನು ಮರೆತು ತೆರೆದ ಪಾತ್ರೆಯ ಅಳತೆಯಲ್ಲಿ ನೀರು ಸುರಿದದ್ದಿರಬೇಕು. ಎಂಟು ಮಂದಿ ದೊಡ್ಡವರು, ಮೂವರು ಮಕ್ಕಳಿಗೆ ಮೂಳೆ ಸಹಿತ ಒಂದೂವರೆ ಕಿಲೋ ಧಾರಾಳವಾಗಿ ಸಾಕು. ಬನ್ನೂರು ಕುರಿ ಸಿಕ್ಕಿದರೆ ಬಿಡಬೇಡಿ: ದಾಖಲೆಗಳಲ್ಲಿ ಮಂಡ್ಯ ತಳಿಯೆಂದು ಕರೆಯುವ, ಗಿಡ್ಡ ಕಾಲಿನ, ತುಂಬಿದ ಮೈಯ ಆ ಕುರಿ ಹೆಸರು ಪಡೆದದ್ದೇ ಮಾಂಸಕ್ಕಾಗಿ. ಆದರೆ ‘ಬನ್ನೂರು’ ಎಂದು ಬೋರ್ಡು ಬರೆಸಿಕೊಂಡ ಅಂಗಡಿಗಳೆಲ್ಲ ಅದನ್ನೇ ಮಾರುತ್ತವೆಂದು ನಂಬಬೇಡಿ.

ಮಸಾಲೆಯನ್ನು ಎರಡು ಭಾಗವಾಗಿ ಮಾಡಿಕೊಳ್ಳಿ. ಇಡೀ ಉಪಾಯ ಇರುವುದೇ ಇಲ್ಲಿ. ಕೆಂಪು ಮಸಾಲೆಗೆ ನಾಲ್ಕು ದೊಡ್ಡ ಚಮಚ ಧನಿಯ, ಒಂದು ಸಣ್ಣ ಚಮಚ ಕಾಳುಮೆಣಸು, ಎರಡು ತುಂಡು ಚಕ್ಕೆ, ಆರು ಲವಂಗ, ಬಣ್ಣಕ್ಕೆ ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆ ನಾಲ್ಕು ಗುಂಟೂರು ಮೆಣಸಿನಕಾಯಿ. ಇವನ್ನು ಸಣ್ಣ ಉರಿಯಲ್ಲಿ ಬೇರೆಬೇರೆಯಾಗಿ ಹುರಿದು, ಎಣ್ಣೆಯಲ್ಲಿ ಕಂದುವವರೆಗೆ ಬಾಡಿಸಿದ ಎರಡು ಈರುಳ್ಳಿ, ಎರಡು ಗಡ್ಡೆ ಬೆಳ್ಳುಳ್ಳಿ, ಎರಡು ಅಂಗುಲ ಶುಂಠಿ, ಎರಡು ಟೊಮೆಟೊ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಹತ್ತು ಎಲೆ ಪುದೀನದೊಂದಿಗೆ ನುಣ್ಣಗೆ ರುಬ್ಬಬೇಕು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಬಣ್ಣವನ್ನು ಧಾರಾಳವಾಗಿ ಕೊಡುತ್ತದೆ, ಖಾರವನ್ನು ಕೊಡುವುದು ಕಡಿಮೆ; ಬರೀ ಗುಂಟೂರು ಹಾಕಿ ಬಣ್ಣ ಬರಿಸಲು ಹೊರಟರೆ ಮಕ್ಕಳು ಉಣ್ಣಲಾರರು. ಬಿಳಿ ಮಸಾಲೆಗೆ ಅರ್ಧ ಹೋಳು ತೆಂಗಿನಕಾಯಿಯ ತುರಿ, ಎರಡು ದೊಡ್ಡ ಚಮಚ ಹುರಿಗಡಲೆ, ಒಂದು ದೊಡ್ಡ ಚಮಚ ಬಿಸಿ ನೀರಿನಲ್ಲಿ ನೆನೆಸಿದ ಗಸಗಸೆ, ಅಷ್ಟೇ. ಇದನ್ನು ಶನಿವಾರ ಮುಟ್ಟಬೇಡಿ.

ಶನಿವಾರ ಸಂಜೆ ದಪ್ಪ ತಳದ ಪಾತ್ರೆಯಲ್ಲಿ ಮೂರು ದೊಡ್ಡ ಚಮಚ ಎಣ್ಣೆ ಕಾಯಿಸಿ, ಹೆಚ್ಚಿದ ಒಂದು ಈರುಳ್ಳಿ ಬಾಡಿಸಿ, ಮಾಂಸ, ಅರ್ಧ ಚಮಚ ಅರಿಶಿನ, ಎರಡು ಸಣ್ಣ ಚಮಚ ಉಪ್ಪು ಹಾಕಿ. ಮಾಂಸ ತನ್ನ ನೀರನ್ನು ಬಿಡುತ್ತದೆ. ಆ ನೀರು ಪೂರ್ತಿ ಇಂಗಿ ಎಣ್ಣೆ ಮತ್ತೆ ಕಾಣಿಸಿಕೊಳ್ಳುವವರೆಗೆ, ಅಂದರೆ ಸುಮಾರು ಹದಿನೈದು ನಿಮಿಷ, ಮಗುಚುತ್ತಾ ಇರಬೇಕು. ಬಾಡಿನ ಹಸಿವಾಸನೆ ಹೋಗುವುದು ಈ ಹಂತದಲ್ಲಿ, ಗರಂ ಮಸಾಲೆ ಸುರಿದಾಗ ಅಲ್ಲ. ಆಮೇಲೆ ಕೆಂಪು ಮಸಾಲೆ ಹಾಕಿ ಐದಾರು ನಿಮಿಷ ಹುರಿದು, ಒಂದೂವರೆ ಲೀಟರ್ ಬಿಸಿ ನೀರು ಹೊಯ್ದು, ಮುಚ್ಚಳ ಓರೆಮಾಡಿ, ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬಿಟ್ಟುಬಿಡಿ. ಅಷ್ಟು ಹೊತ್ತು ನೀವು ಅಡುಗೆಮನೆಯಲ್ಲಿ ಇರಬೇಕಾಗಿಲ್ಲ. ಆಗಾಗ ಬಂದು ತಳ ಹಿಡಿಯದಂತೆ ಸೌಟಾಡಿಸಿದರೆ ಸಾಕು.

ಕುಕ್ಕರೇ ಬೇಕೆನ್ನುವವರು ಒಂದು ಲೀಟರಿಗಿಂತ ಕಡಿಮೆ ನೀರು ಹಾಕಿ, ಕೂಗುಗಳನ್ನು ಎಣಿಸುವ ಬದಲು ಗಡಿಯಾರ ನೋಡಿ. ಕುಕ್ಕರಿನೊಳಗೆ ಬಿಸಿ 120 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಏರುತ್ತದೆ. ದೊಡ್ಡ ಉರಿಯಲ್ಲಿ ಐದು ನಿಮಿಷದಲ್ಲಿ ಕೂಗುವ ಎಂಟು ಕೂಗಿಗೂ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷದಲ್ಲಿ ಕೂಗುವ ನಾಲ್ಕು ಕೂಗಿಗೂ ಏನೇನೂ ಸಂಬಂಧವಿಲ್ಲ. ನಿಮ್ಮ ಎಂಟು ಕೂಗುಗಳು ಬಹುಶಃ ಮೊದಲ ಬಗೆಯವು. ಮೊದಲ ಕೂಗಿನ ನಂತರ ಉರಿ ತಗ್ಗಿಸಿ, ಎಳೆಯ ಮಾಂಸಕ್ಕೆ ಇಪ್ಪತ್ತು ನಿಮಿಷ, ಬಲಿತದ್ದಕ್ಕೆ ಮೂವತ್ತು ನಿಮಿಷ ಇಟ್ಟು ಒಲೆ ಆರಿಸಿ. ಒತ್ತಡ ತಾನಾಗಿ ಇಳಿಯಲಿ. ಸೌಟಿನಿಂದ ವೆಯ್ಟ್ ಎತ್ತಿ ಆವಿ ಬಿಡುವ ಅಭ್ಯಾಸವಿದ್ದರೆ, ಒಳಗಿನ ಸಾರು ಒಮ್ಮೆಲೇ ಕೊತಕೊತನೆ ಕುದಿದು ಮಾಂಸ ಮೂಳೆಯಿಂದ ಹರಿದು ಬರುತ್ತದೆ.

ತೆಂಗಿನಕಾಯಿಯನ್ನು ಭಾನುವಾರಕ್ಕೆ ಮುಂದೂಡಿದ್ದೇಕೆಂದರೆ, ಸಾರಿನ ಪದಾರ್ಥಗಳಲ್ಲಿ ಬೇಗ ಹಳಸುವುದು ಅದೇ. ಮದುವೆಯಾದ ಮೊದಲ ವರ್ಷ, ಏಪ್ರಿಲ್ ತಿಂಗಳಿನಲ್ಲಿ, ಕಾಯಿ ಅರೆದು ಹಾಕಿದ ಎರಡು ಕಿಲೋ ಬಾಡಿನ ಸಾರನ್ನು ಜಗಲಿಯ ಮೇಲೆ ಆರಲು ಇಟ್ಟು ನಿದ್ದೆಹೋದೆ. ಬೆಳಗ್ಗೆ ಮುಚ್ಚಳ ತೆಗೆದಾಗ ಮೇಲೆ ನೊರೆ. ಹನ್ನೆರಡು ಮಂದಿ ನೆಂಟರಿಗೆ ಆ ದಿನ ಉಪ್ಪಿಟ್ಟು ಬಡಿಸಿದೆ. ನನ್ನತ್ತೆ ಒಂದು ಮಾತೂ ಆಡಲಿಲ್ಲ, ಅದು ಬೈದದ್ದಕ್ಕಿಂತ ಹೆಚ್ಚು ನಾಟಿತು. ಆದ್ದರಿಂದ ಶನಿವಾರ ಬೆಂದ ಸಾರನ್ನು ಒಂದೇ ದೊಡ್ಡ ಪಾತ್ರೆಯಲ್ಲಿ ಬಿಡದೆ, ಅಗಲವಾದ ಎರಡು ಮೂರು ಪಾತ್ರೆಗಳಿಗೆ ತೆಳುವಾಗಿ ಹರಡಿ, ಬೇಗ ಆರಿಸಿ, ಒಲೆಯಿಂದಿಳಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.

ಭಾನುವಾರ ಬೆಳಗ್ಗೆ ಫ್ರಿಜ್ಜು ತೆರೆದಾಗ ಸಾರು ಹೆಪ್ಪುಗಟ್ಟಿದ ಪಾಕದಂತೆ ನಡುಗಿದರೆ ನಾರು ಚೆನ್ನಾಗಿ ಕರಗಿದೆಯೆಂದು ತಿಳಿಯಿರಿ. ಮೇಲೆ ಕಿತ್ತಳೆ ಬಣ್ಣದ ನೆಣ ಕೆನೆಯಂತೆ ಕಟ್ಟಿರುತ್ತದೆ. ಅದರಲ್ಲಿ ಅರ್ಧವನ್ನು ಚಮಚದಿಂದ ಎತ್ತಿ ತೆಗೆದುಬಿಡಿ, ಪೂರ್ತಿ ತೆಗೆಯಬೇಡಿ, ಮಸಾಲೆಯ ಪರಿಮಳ ಕುಳಿತಿರುವುದು ಅದರಲ್ಲೇ. ಹತ್ತೂಕಾಲಕ್ಕೆ ಸಾರನ್ನು ಒಲೆಗಿಟ್ಟು, ಅದು ಚೆನ್ನಾಗಿ ಕುದಿ ಬರುವಷ್ಟರಲ್ಲಿ ಬಿಳಿ ಮಸಾಲೆಯನ್ನು ಮಿಕ್ಸಿಯಲ್ಲಿ ಗಂಧದಂತೆ ಅರೆದು ಹಾಕಿ, ಉಪ್ಪು ನೋಡಿ, ಹತ್ತು ಹನ್ನೆರಡು ನಿಮಿಷ ಸಣ್ಣಗೆ ಕುದಿಸಿ. ನೀರು ಎಷ್ಟು ಬೇಕೆಂದು ನಿರ್ಧರಿಸುವುದೂ ಈಗಲೇ. ಅರ್ಧ ಗಂಟೆಯ ಕೆಲಸ, ಅದೂ ಕಾಫಿ ಕುಡಿಯುತ್ತಾ ಮಾಡಬಹುದಾದದ್ದು.

ಜೊತೆಗೆ ಏನು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಮಂಡ್ಯದ ಕಡೆಯವರು ಬಾಡಿನ ಸಾರಿಗೆ ಮುದ್ದೆ ಬಿಟ್ಟು ಬೇರೆಯದನ್ನು ಹೆಸರಿಸಿದರೆ ಸಿಟ್ಟಾಗುತ್ತಾರೆ. ಆದರೆ ಮುದ್ದೆ ಬಿಸಿಯಿರುವಾಗಲೇ ಬಡಿಸಬೇಕು, ಹನ್ನೊಂದು ಮಂದಿಗೆ ಮುದ್ದೆ ಕಟ್ಟುವವರು ಊಟಕ್ಕೆ ಕೂರುವುದು ಎಲ್ಲರೂ ಕೈತೊಳೆದ ಮೇಲೆ. ನಿಮ್ಮ ದೂರಿನಲ್ಲಿ ಅದೂ ಒಂದಾಗಿದ್ದುದರಿಂದ, ಹನ್ನೊಂದು ಗಂಟೆಯ ಊಟಕ್ಕೆ ಇಡ್ಲಿಯೇ ಲೇಸು: ಹಿಟ್ಟು ರಾತ್ರಿ ತಾನಾಗಿ ಹುಳಿ ಬರುತ್ತದೆ, ಬೆಳಗ್ಗೆ ಎರಡು ಒಬ್ಬೆ ಬೇಯಿಸಿದರೆ ಮುಗಿಯಿತು. ಒತ್ತು ಶಾವಿಗೆ ಇನ್ನೂ ರುಚಿ, ಒತ್ತುವುದಕ್ಕೆ ಗಟ್ಟಿ ತೋಳಿನ ಭಾವಮೈದುನರೊಬ್ಬರಿದ್ದರೆ. ಹಸಿ ಈರುಳ್ಳಿ, ನಿಂಬೆಹೋಳು, ಸೌತೆಕಾಯಿ ಇಡಿ. ಚಾಪ್ಸು, ಲಿವರ್ ಫ್ರೈ, ಬಿರಿಯಾನಿ ಎಂದು ಪಟ್ಟಿ ಬೆಳೆಸಬೇಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಭಾನುವಾರಕ್ಕೆ ಕೊಡಗಿನ ಪಂದಿ ಕರಿ ಮಾಡುವ ಯೋಚನೆಯಿದೆ. ಕಾಚಂಪುಳಿ ಸಿಗಲಿಲ್ಲ. ಹುಣಸೆಹುಳಿ ಹಾಕಿದರೆ ನಡೆಯುತ್ತದೆಯೇ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ತಿನ್ನಲು ನಡೆಯುತ್ತದೆ, ಪಂದಿ ಕರಿ ಎನ್ನಲು ನಡೆಯುವುದಿಲ್ಲ. ಕಾಚಂಪುಳಿಯೆಂದರೆ ಹಣ್ಣಿನ ರಸವನ್ನು ಬಹಳ ಹೊತ್ತು ಕಾಯಿಸಿ ಇಂಗಿಸಿದ ಕಪ್ಪು, ಗಟ್ಟಿ ಹುಳಿ; ಅದರಲ್ಲಿ ಹುಳಿಯೊಂದಿಗೆ ಹೊಗೆಯಂಥ ಒಂದು ಒಗರೂ ಇರುತ್ತದೆ. ಹುಣಸೆ ಸಿಹಿಯ ಕಡೆಗೆ ವಾಲುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಕಿಲೋಗೆ ಒಂದು ದೊಡ್ಡ ಚಮಚ ವಿನೆಗರ್, ಅಥವಾ ನೆನೆಸಿ ಹಿಂಡಿದ ಪುನರ್ಪುಳಿಯ ರಸ ಹಾಕಿ. ಪುನರ್ಪುಳಿ ಕಾಚಂಪುಳಿ ಕೊಡುವ ಮರದ ಹತ್ತಿರದ ಬಂಧುವೇ ಆಗಿರುವ ಮರದ ಹಣ್ಣು. ಯಾರಾದರೂ ಮಡಿಕೇರಿಗೋ ವಿರಾಜಪೇಟೆಗೋ ಹೋಗುವವರಿದ್ದರೆ ಒಂದು ಸೀಸೆ ತರಿಸಿಡಿ. ವರ್ಷಗಟ್ಟಲೆ ಕೆಡುವುದಿಲ್ಲ, ಕಿಲೋ ಮಾಂಸಕ್ಕೆ ಎರಡು ಸಣ್ಣ ಚಮಚ ಸಾಕಾಗುವುದರಿಂದ ಬೇಗ ಮುಗಿಯುವುದೂ ಇಲ್ಲ.

ಅದಕ್ಕಿಂತ ಮುಖ್ಯವಾದ ಮಾತು, ಆ ಕಪ್ಪು ಬಣ್ಣಕ್ಕೆ ಹುಳಿಯೊಂದೇ ಕಾರಣವಲ್ಲ. ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಸಾಸಿವೆ, ಚಿಟಿಕೆ ಮೆಂತ್ಯವನ್ನು ಕಂದು ಬಣ್ಣವನ್ನೂ ದಾಟಿ, ಸೀಯುವುದಕ್ಕೆ ಇನ್ನೊಂದೇ ಹೆಜ್ಜೆ ಬಾಕಿ ಎನ್ನುವಷ್ಟು ಹುರಿದು ಪುಡಿಮಾಡಬೇಕು. ಹೆದರಿ ಮೊದಲೇ ಇಳಿಸಿದರೆ ಸಾರು ಕೆಂಚಗಾಗುತ್ತದೆ. ಪುಡಿಯನ್ನೂ ಹುಳಿಯನ್ನೂ ಮಾಂಸ ಬೆಂದ ಮೇಲೆ, ಕೊನೆಯ ಹತ್ತು ಹದಿನೈದು ನಿಮಿಷದಲ್ಲಿ ಹಾಕಿ. ಹಂದಿ ಮಾಂಸವನ್ನು ಒಳಗೆ ಗುಲಾಬಿ ಉಳಿಯದಂತೆ ಪೂರ್ತಿ ಬೇಯಿಸುವುದು ಕಡ್ಡಾಯ. ಕಾಯಿ ಇಲ್ಲದ, ಹುಳಿ ಇರುವ ಈ ಅಡುಗೆಯನ್ನು ಶನಿವಾರವೇ ಸಂಪೂರ್ಣ ಮುಗಿಸಿ ಫ್ರಿಜ್ಜಿನಲ್ಲಿಡಬಹುದು. ಮರುದಿನವೇ ಅದರ ರುಚಿ ಹೆಚ್ಚು. ಭಾನುವಾರಕ್ಕೆ ಉಳಿಯುವುದು ಅಕ್ಕಿ ತರಿಯ ಕಡಂಬುಟ್ಟು ಆವಿಯಲ್ಲಿ ಬೇಯಿಸುವುದೊಂದೇ.

ಪ್ರಶ್ನೆ: ಅಕ್ಕಾ, ನಾವು ದುಬೈಯಲ್ಲಿದ್ದೇವೆ. ಇಲ್ಲಿ ಗಸಗಸೆ ಸಿಗುವುದಿಲ್ಲ. ಈ ಸಲ ಊರಿಗೆ ಬಂದಾಗ ಕಾಲು ಕಿಲೋ ಕಟ್ಟಿಸಿಕೊಂಡು ಹೋಗಲೇ? (ಓದುಗರೊಬ್ಬರು, ದುಬೈ)

ಉತ್ತರ: ದಯವಿಟ್ಟು ಬೇಡ, ತಂಗಿ. ಅಫೀಮಿನ ಗಿಡದ ಬೀಜವಾದ್ದರಿಂದ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗಸಗಸೆ ನಿಷಿದ್ಧ ವಸ್ತು. ಅಡುಗೆಗೆಂದು ತಂದೆ ಎಂಬ ಸಮಜಾಯಿಷಿ ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ಸೌದಿ ಅರೇಬಿಯಾ, ಸಿಂಗಪುರಗಳಲ್ಲಿರುವ ಓದುಗರಿಗೂ ಇದೇ ಮಾತು. ಊರಿನಿಂದ ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿಯಲ್ಲಿ ಗಸಗಸೆ ಬೆರೆತಿದೆಯೇ ಎಂದು ಮೊದಲೇ ಕೇಳಿಕೊಳ್ಳಿ, ಹಲವರು ಎಡವುವುದು ಅಲ್ಲೇ. ಸಾರಿನಲ್ಲಿ ಗಸಗಸೆಯ ಕೆಲಸ ಮಂದ ಬರಿಸುವುದು, ಸ್ವಲ್ಪ ಎಣ್ಣೆಯಂಶ ಕೊಡುವುದು. ಒಂದೂವರೆ ಕಿಲೋ ಮಾಂಸಕ್ಕೆ ನೆನೆಸಿದ ಹತ್ತು ಗೋಡಂಬಿಯನ್ನು ಹುರಿಗಡಲೆ, ಕಾಯಿಯೊಂದಿಗೆ ಅರೆದರೆ ಯಾರೂ ವ್ಯತ್ಯಾಸ ಹೇಳಲಾರರು. ಅಲ್ಲಿ ಸಿಗುವ ಫ್ರೋಜನ್ ಕುರಿಮಾಂಸವನ್ನು ಬಿಸಿ ನೀರಿಗೆ ಹಾಕಿ ಬಿಡಿಸಬೇಡಿ. ಶುಕ್ರವಾರ ರಾತ್ರಿಯೇ ಫ್ರೀಜರಿನಿಂದ ಕೆಳಗಿನ ಫ್ರಿಜ್ಜಿಗೆ ಇಳಿಸಿಡಿ.

ಪ್ರಶ್ನೆ: ಮಾಂಸ ಬೇಗ ಬೇಯಲೆಂದು ಪರಂಗಿಕಾಯಿ ಹಾಕುತ್ತೇನೆ. ಕೆಲವೊಮ್ಮೆ ಮಾಂಸ ಹಿಟ್ಟುಹಿಟ್ಟಾಗುತ್ತದೆ. ಏಕೆ? (ಓದುಗರೊಬ್ಬರು, ಕಲಬುರಗಿ)

ಉತ್ತರ: ಪರಂಗಿಕಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸದ ಎಳೆಗಳನ್ನೇ ಒಡೆಯುತ್ತದೆ, ಎಲ್ಲಿ ನಿಲ್ಲಿಸಬೇಕೆಂದು ಅದಕ್ಕೆ ಗೊತ್ತಿಲ್ಲ. ಹೆಚ್ಚು ಹೊತ್ತು ಬಿಟ್ಟರೆ ಹೊರಮೈ ಹಿಟ್ಟಾಗಿ, ಒಳಗು ಗಟ್ಟಿಯಾಗೇ ಉಳಿಯುತ್ತದೆ. ಕೆಂಡದ ಮೇಲೆ ಸುಡುವ ಕಬಾಬಿಗೆ ಕಿಲೋಗೆ ಒಂದು ದೊಡ್ಡ ಚಮಚ ಅರೆದು ಅರ್ಧ ಗಂಟೆ ಹಚ್ಚಿಡುವುದು ಸರಿ. ಒಂದೂವರೆ ಗಂಟೆ ಕುದಿಯುವ ಸಾರಿಗೆ ಅದರ ಅಗತ್ಯವೇ ಇಲ್ಲ.

ಪ್ರಶ್ನೆ: ಸಾರಿಗೆ ಉಪ್ಪು ಹೆಚ್ಚಾದರೆ ಆಲೂಗೆಡ್ಡೆ ಹಾಕಬೇಕೆನ್ನುತ್ತಾರೆ. ನಿಜವೇ? ಮಕ್ಕಳಿಗೆ ಖಾರ ಕಡಿಮೆ ಮಾಡುವುದು ಹೇಗೆ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಆಲೂಗೆಡ್ಡೆ ಉಪ್ಪನ್ನಷ್ಟೇ ಆರಿಸಿ ಹೀರುವುದಿಲ್ಲ, ಉಪ್ಪಿನ ಸಾರನ್ನು ಹೀರುತ್ತದೆ, ಉಳಿದ ಸಾರು ಮೊದಲಿನಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದ ಕಾಯಿಹಾಲೋ ಬಿಸಿ ನೀರೋ ಸೇರಿಸಿ ಪ್ರಮಾಣ ಹೆಚ್ಚಿಸುವುದೊಂದೇ ಉಪಾಯ. ಶನಿವಾರ ಹಾಕುವ ಉಪ್ಪು ಸ್ವಲ್ಪ ಕಡಿಮೆಯೇ ಇರಲಿ ಎನ್ನುವುದೂ ಇದಕ್ಕೇ, ರಾತ್ರಿ ಕಳೆದು ಮತ್ತೆ ಕುದಿಯುವಾಗ ಸಾರು ಇಂಗುತ್ತದೆ. ಮಕ್ಕಳ ಪಾಲಿಗೆ ಭಾನುವಾರ ಬಿಳಿ ಮಸಾಲೆ ಹಾಕಿದ ಮೇಲೆ ನಾಲ್ಕು ಸೌಟು ಸಾರನ್ನು ಬೇರೆ ಪಾತ್ರೆಗೆ ತೆಗೆದು, ಒಂದು ಲೋಟ ಕಾಯಿಹಾಲು ಸೇರಿಸಿ ಒಂದು ಕುದಿ ಬರಿಸಿ.

ಪ್ರಶ್ನೆ: ಭಾನುವಾರ ಉಳಿದ ಮಟನ್ ಸಾರನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು? ನಮ್ಮ ಮನೆಯಲ್ಲಿ ದಿನಕ್ಕೆರಡು ಸಲ ಕುದಿಸಿ ಕುದಿಸಿ ಇಡುತ್ತಾರೆ. (ಓದುಗರೊಬ್ಬರು, ಹಾಸನ)

ಉತ್ತರ: ಫ್ರಿಜ್ಜಿಲ್ಲದ ಕಾಲದಲ್ಲಿ ಹಾಗೆ ಕುದಿಸಿಡುವುದು ಅನಿವಾರ್ಯವಾಗಿತ್ತು. ಈಗ ಇಡೀ ಪಾತ್ರೆಯನ್ನು ಮತ್ತೆ ಮತ್ತೆ ಕುದಿಸಿದರೆ ಮಾಂಸ ನಾರಾಗುತ್ತದೆ, ಕಾಯಿ ಒಡೆದು ಎಣ್ಣೆ ಬಿಡುತ್ತದೆ. ಊಟ ಮುಗಿದ ಕೂಡಲೇ ಉಳಿದದ್ದನ್ನು ಚಿಕ್ಕ ಡಬ್ಬಿಗಳಿಗೆ ಹಂಚಿ ಫ್ರಿಜ್ಜಿನಲ್ಲಿಟ್ಟು, ಬೇಕಾದಷ್ಟನ್ನು ಮಾತ್ರ ಹೊರತೆಗೆದು ಒಮ್ಮೆ ಚೆನ್ನಾಗಿ ಕುದಿಸಿ. ಕಾಯಿ ಹಾಕಿದ ಸಾರು ಮಂಗಳವಾರದೊಳಗೆ ಮುಗಿಯಲಿ. ಮಾಂಸವೆಲ್ಲ ಖರ್ಚಾಗಿ ಬರೀ ಸಾರು ಉಳಿದಿದ್ದರೆ, ಬಾಣಲೆಯಲ್ಲಿ ಗಟ್ಟಿಯಾಗುವವರೆಗೆ ಇಂಗಿಸಿ, ನಾಲ್ಕು ಮೊಟ್ಟೆಗಳನ್ನು ಅದರ ಮೇಲೇ ಒಡೆದು ಬಿಟ್ಟು, ಐದು ನಿಮಿಷ ಮುಚ್ಚಿಡಿ. ಸೋಮವಾರ ರಾತ್ರಿಯ ಚಪಾತಿಗೆ ಬೇರೆ ಪಲ್ಯ ಬೇಡ.